ಕರ್ನಾಟಕವೆಂಬ ಹೆಸರಿನ ಮೊದಲ ಗೆಲುವು: 1974ರ ಒಂದು ಪಂದ್ಯ ಮತ್ತು ಕೋಸಗಿಯ ಕನ್ನಡಿಗರು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕ್ರಿಕೆಟ್ಟಿಗೆ ಏನು ಕೆಲಸ ಎಂದು ಕೇಳುವವರು ಇರಬಹುದು. ಕೇಳುವುದು ನ್ಯಾಯವೇ. ಗಡಿನಾಡಿನ ಕನ್ನಡದ ಚರಿತ್ರೆ ಎಂದೊಡನೆ ನಾವು ಶಾಸನಗಳ ಕಡೆಗೆ, ದಾಸರ ಪದಗಳ ಕಡೆಗೆ, ಶಾಲೆಗಳ ಕಡೆಗೆ ತಿರುಗುತ್ತೇವೆ. ಅವೆಲ್ಲ ಬೇಕಾದುವೇ. ಆದರೆ ಒಂದು ಜನಸಮುದಾಯ ತನ್ನನ್ನು ತಾನು ಏನೆಂದು ಕರೆದುಕೊಂಡಿತು, ಯಾರ ಗೆಲುವಿಗೆ ಹಿಗ್ಗಿತು, ಯಾರ ಸೋಲಿಗೆ ಕುಗ್ಗಿತು ಎಂಬುದೂ ಚರಿತ್ರೆಯ ಭಾಗವೇ. ಇಂಥ ಸಂಗತಿಗಳು ಸರಕಾರಿ ಕಡತಗಳಲ್ಲಿ ದೊರೆಯುವುದಿಲ್ಲ. ಹೋಟೆಲ್ಲಿನ ರೇಡಿಯೋ ಮುಂದೆ, ಸ್ಟೇಷನ್ನಿನ ಕಟ್ಟೆಯ ಮೇಲೆ, ಹತ್ತಿ ಬಿಡಿಸುವ ಹೊಲದ ಬದುವಿನಲ್ಲಿ ನಡೆದ ಮಾತುಗಳಲ್ಲಿ ಅವು ಇದ್ದುವು. ಆ ಮಾತುಗಳನ್ನಾಡಿದವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿರುವ ಈ ಹೊತ್ತಿನಲ್ಲಿ, ನಾವು ಕಣ್ಣಾರೆ ಕಂಡ ಒಂದು ಪಂದ್ಯವನ್ನು, ಅದರ ಹಿಂದುಮುಂದಿನ ಇತಿಹಾಸದೊಡನೆ, ಇಲ್ಲಿ ದಾಖಲಿಸಲು ಯತ್ನಿಸಿದ್ದೇವೆ.

ಆ ಪಂದ್ಯ 1974ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ರಣಜಿ ಟ್ರೋಫಿ ಸೆಮಿಫೈನಲ್. ಎದುರಾಳಿಗಳು ಕರ್ನಾಟಕ ಮತ್ತು ಮುಂಬಯಿ. ಹದಿನೈದು ವರ್ಷ ಎಡೆಬಿಡದೆ ಪ್ರಶಸ್ತಿಯನ್ನು ತನ್ನಲ್ಲೇ ಇಟ್ಟುಕೊಂಡಿದ್ದ ಮುಂಬಯಿ ಆ ಪಂದ್ಯದಲ್ಲಿ ಹೊರಬಿತ್ತು. ಕ್ರಿಕೆಟ್ಟಿನ ಇತಿಹಾಸ ಬರೆಯುವವರು ಇಷ್ಟನ್ನು ತಪ್ಪದೆ ಹೇಳುತ್ತಾರೆ. ನಾವು ಹೇಳಬೇಕೆಂದಿರುವುದು ಇನ್ನೊಂದು ಮಾತು. 'ಕರ್ನಾಟಕ' ಎಂಬ ಹೆಸರನ್ನು ಹೊತ್ತ ತಂಡ ಆಡಿದ ಮೊಟ್ಟಮೊದಲ ರಣಜಿ ಋತು ಅದು. ಆ ಹೆಸರು ನಮ್ಮಂಥವರಿಗೆ ಏನಾಗಿತ್ತು ಎಂಬುದನ್ನು ತಿಳಿಯಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಗೆರೆ ಎಳೆದ ವರ್ಷ

ಆದೋನಿ ಸೀಮೆ 1800ರಲ್ಲಿ ನಿಜಾಮರಿಂದ ಇಂಗ್ಲಿಷರ ಕೈಸೇರಿದ ದತ್ತ ಮಂಡಲಗಳಲ್ಲಿ ಒಂದು. ಮುಂದೆ ಬಳ್ಳಾರಿ ಜಿಲ್ಲೆ ರೂಪುಗೊಂಡಾಗ ಆದೋನಿ ಅದರ ತಾಲೂಕಾಯಿತು. ನಮ್ಮ ಕೋಸಗಿ ಆದೋನಿ ತಾಲೂಕಿನಲ್ಲಿತ್ತು. ಕೋರ್ಟು, ಕಚೇರಿ, ಕಾಲೇಜು, ಕಾಳಿನ ವ್ಯಾಪಾರ, ಹೆಣ್ಣು ತರುವುದು, ಹೆಣ್ಣು ಕೊಡುವುದು ಎಲ್ಲಕ್ಕೂ ನಮ್ಮ ಹಿರಿಯರ ಮುಖ ಬಳ್ಳಾರಿಯ ಕಡೆಗೇ ಇತ್ತು. ತುಂಗಭದ್ರೆಯ ಆಚೆಯ ರಾಯಚೂರು ನಿಜಾಮರ ರಾಜ್ಯಕ್ಕೆ ಸೇರಿತ್ತು. ನಾವು ಮದರಾಸು ಪ್ರಾಂತದವರಾಗಿದ್ದೆವು. ಬೆಂಗಳೂರು ಮೈಸೂರು ಮಹಾರಾಜರದಾಗಿತ್ತು. ಹೀಗೆ ಮೂರು ಆಡಳಿತಗಳ ನಡುವೆ ಕನ್ನಡ ಒಂದೇ ಆಗಿ ಹರಿಯುತ್ತಿತ್ತು. ಅದರ ಜತೆಜತೆಗೇ ತೆಲುಗು, ಉರ್ದು ಸಹ ಹರಿಯುತ್ತಿದ್ದುವು.

1953ರ ಅಕ್ಟೋಬರ್ 1ರಂದು ಕರ್ನೂಲನ್ನು ರಾಜಧಾನಿಯಾಗಿಟ್ಟುಕೊಂಡು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆ ಆ ದಿನ ಎರಡಾಯಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು ಮೈಸೂರು ರಾಜ್ಯಕ್ಕೆ ಹೋದುವು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದಲ್ಲಿ ಉಳಿದುವು. ನಾವು ಕರ್ನೂಲು ಜಿಲ್ಲೆಯವರಾದೆವು. ಮೂರು ವರ್ಷದ ಮೇಲೆ, 1956ರ ನವೆಂಬರ್ 1ರಂದು, ಕನ್ನಡ ಸೀಮೆಗಳು ಒಂದುಗೂಡಿ ವಿಶಾಲ ಮೈಸೂರು ರಾಜ್ಯವಾದಾಗ ನದಿಯಾಚೆಯ ರಾಯಚೂರು ಕೂಡ ಅದರಲ್ಲಿ ಸೇರಿತು. ನಾವು ಈಚೆಯ ದಡದಲ್ಲಿ ನಿಂತು ನೋಡಿದೆವು.

ಈ ವಿಭಜನೆಯ ಸರಿತಪ್ಪುಗಳನ್ನು ಮತ್ತೆ ಕೆದಕುವುದು ನಮ್ಮ ಉದ್ದೇಶವಲ್ಲ. ಆಂಧ್ರ ನಮ್ಮನ್ನು ಹೊರಗಿನವರೆಂದು ನೂಕಲಿಲ್ಲ. ಇಲ್ಲಿಯ ಮಣ್ಣಿನಲ್ಲಿ ದುಡಿದು, ಇಲ್ಲಿಯ ನೀರು ಕುಡಿದು ಬದುಕು ಕಟ್ಟಿಕೊಂಡೆವು. ಆದರೆ 1973ರ ನವೆಂಬರ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ಮೈಸೂರು ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದಾಗ ನಮ್ಮ ಕಡೆಯ ಮನೆಗಳಲ್ಲಿ ಒಂದು ವಿಚಿತ್ರ ಭಾವನೆ ಮೂಡಿತು. 'ಮೈಸೂರು' ಒಂದು ಸಂಸ್ಥಾನದ ಹೆಸರು. ಅದರ ಹೊರಗಿದ್ದೇವೆ ಎನ್ನುವುದಕ್ಕೆ ನಮಗೇನೂ ಕಷ್ಟವಿರಲಿಲ್ಲ, ಎಂದೂ ಒಳಗಿದ್ದವರೇ ಅಲ್ಲ. 'ಕರ್ನಾಟಕ' ಹಾಗಲ್ಲ. ಅದು ಕನ್ನಡ ಜನರೆಲ್ಲರ ಹೆಸರು. ಆ ಹೆಸರು ನಕ್ಷೆಯ ಮೇಲೆ ಕಾಣಿಸಿಕೊಂಡಾಗ ನಾವು ಅದರ ಗೆರೆಯ ಹೊರಗೆ ಇದ್ದೆವು. ಸಂತೋಷವೂ ಆಯಿತು, ಗಂಟಲೂ ಕಟ್ಟಿತು.

ಮೈಸೂರು ತಂಡದ ನಲವತ್ತು ವರ್ಷ

ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ಆರಂಭವಾಯಿತು. ಆಡಿದವರು ಮದರಾಸು ಮತ್ತು ಮೈಸೂರು ತಂಡದವರು. ಮೈಸೂರಿನವರು ಒಮ್ಮೆ 48ಕ್ಕೆ, ಇನ್ನೊಮ್ಮೆ 59ಕ್ಕೆ ಆಟ ಮುಗಿಸಿದರು. ಮದರಾಸಿನ ಎ.ಜಿ. ರಾಮಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಬೆಳಗ್ಗೆ ಆರಂಭವಾದ ಪಂದ್ಯ ಅದೇ ಸಂಜೆ ಮುಗಿದೇ ಹೋಯಿತು. ಹೀಗೆ ದೇಶದ ದೊಡ್ಡ ಪಂದ್ಯಾವಳಿಯ ಇತಿಹಾಸದ ಮೊದಲ ಪುಟದಲ್ಲೇ ಕನ್ನಡ ನಾಡಿನ ತಂಡದ ಹೆಸರಿದೆ. ಆದರೆ ಸೋತವರ ಸಾಲಿನಲ್ಲಿ.

ಅನಂತರ ಮೈಸೂರು ತಂಡ 1941-42ರಲ್ಲೂ 1959-60ರಲ್ಲೂ ಫೈನಲ್ ತಲಪಿತು. ಎರಡು ಸಲವೂ ಎದುರಿಗೆ ಮುಂಬಯಿ. ಎರಡು ಸಲವೂ ಸೋಲು. ಮುಂಬಯಿಯ ಬಲ ಆಗ ಅಂಥದು. 1958-59ರಿಂದ 1972-73ರವರೆಗೆ ಹದಿನೈದು ಋತುಗಳಲ್ಲಿ ಪ್ರಶಸ್ತಿ ಒಮ್ಮೆಯೂ ಆ ನಗರವನ್ನು ಬಿಟ್ಟು ಕದಲಲಿಲ್ಲ. 1972-73ರ ಫೈನಲ್‌ನಲ್ಲಿ ಚೆಪಾಕ್‌ನಲ್ಲೇ ತಮಿಳುನಾಡನ್ನು ಎದುರಿಸಿದಾಗ ಅವರ ಎಡಗೈ ಸ್ಪಿನ್ನರ್ ಪದ್ಮಾಕರ ಶಿವಾಲ್ಕರ್ ಒಂದೇ ಇನ್ನಿಂಗ್ಸ್‌ನಲ್ಲಿ 16 ರನ್ನಿಗೆ 8 ವಿಕೆಟ್ ಪಡೆದಿದ್ದರು. ಅಂಥ ಬೌಲರಿಗೆ ಭಾರತದ ಟೆಸ್ಟ್ ತಂಡದಲ್ಲಿ ಒಮ್ಮೆಯೂ ಜಾಗ ಸಿಗಲಿಲ್ಲ ಎಂದರೆ ಆ ಕಾಲದ ಸ್ಪಿನ್ ಬೌಲಿಂಗಿನ ಸಮೃದ್ಧಿ ಎಷ್ಟಿತ್ತು ಎಂಬುದನ್ನು ಊಹಿಸಬಹುದು.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ತೊಡಕಿತ್ತು. ಹೊಸ ರಾಜ್ಯ ಹುಟ್ಟಿದ 1953-54ರ ಋತುವಿನಲ್ಲೇ ಆಂಧ್ರ ತಂಡವೂ ರಣಜಿ ಕಣಕ್ಕೆ ಇಳಿಯಿತು. ಭಾರತದ ಮೊದಲ ಟೆಸ್ಟ್ ನಾಯಕರಾದ ಸಿ.ಕೆ. ನಾಯುಡು ತಮ್ಮ ಇಳಿವಯಸ್ಸಿನಲ್ಲಿ ಅದನ್ನು ಮುನ್ನಡೆಸಿದರು. ಹೈದರಾಬಾದಿನದು ಬೇರೆ ತಂಡ. ಕರ್ನೂಲು ಜಿಲ್ಲೆಯ ಹುಡುಗನೊಬ್ಬ ಚೆನ್ನಾಗಿ ಆಡಿದರೆ ಅವನು ಸೇರಬೇಕಾದದ್ದು ಆಂಧ್ರ ತಂಡವನ್ನು. ದಕ್ಷಿಣ ವಲಯದಲ್ಲಿ ಆಂಧ್ರ ಮತ್ತು ಮೈಸೂರು ವರ್ಷವರ್ಷವೂ ಎದುರುಬದುರಾಗುತ್ತಿದ್ದುವು. ಆಗ ನಾವು ಯಾರ ಕಡೆ?

ಈ ಪ್ರಶ್ನೆ ನಮ್ಮೂರಲ್ಲಿ ಬರಿಯ ತಮಾಷೆಯಾಗಿರಲಿಲ್ಲ. 1967ರ ನವೆಂಬರಿನಲ್ಲಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಮೈಸೂರು ಆಡಿದಾಗ, ಭದ್ರಾವತಿಯಲ್ಲಿ ಹುಟ್ಟಿದ ಹದಿನೆಂಟರ ಹುಡುಗನೊಬ್ಬ ತನ್ನ ಮೊದಲ ರಣಜಿ ಪಂದ್ಯದಲ್ಲೇ 230 ರನ್ ಹೊಡೆದ. ಅವನೇ ಗುಂಡಪ್ಪ ವಿಶ್ವನಾಥ್. ಪತ್ರಿಕೆ ರೈಲಿನಲ್ಲಿ ಬಂದು ಕೋಸಗಿ ಸ್ಟೇಷನ್ನಿನಲ್ಲಿ ಬಿಚ್ಚಿದಾಗ ಕೆಲವರು "ನಮ್ಮ ಹುಡುಗ" ಎಂದು ಬೀಗಿದರು. ಕೆಲವರು "ನಮ್ಮ ಬೌಲರುಗಳನ್ನು ಹೀಗೆ ಚಚ್ಚಿಹಾಕಿದನಲ್ಲ" ಎಂದು ನೊಂದುಕೊಂಡರು. ಎರಡು ಮಾತನ್ನೂ ಒಬ್ಬನೇ ಮನುಷ್ಯ ಆಡಿದ್ದುಂಟು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಆಡುತ್ತಿದ್ದ ನಮ್ಮ ಊರಿಗೆ ಇದರಲ್ಲಿ ಅಸಹಜವಾದದ್ದೇನೂ ಕಾಣಲಿಲ್ಲ.

ಆ ವರ್ಷದ ತಂಡ

1973-74ರ ಕರ್ನಾಟಕ ತಂಡದ ನಾಯಕ ಎರಪಳ್ಳಿ ಪ್ರಸನ್ನ. ಅವರು ಎಂಜಿನಿಯರಿಂಗ್ ಓದಿದವರು. 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದ ಮೇಲೆ ಓದಿಗಾಗಿ ಟೆಸ್ಟ್ ಕ್ರಿಕೆಟ್ಟನ್ನೇ ಕೆಲವು ವರ್ಷ ಬದಿಗಿಟ್ಟರು. ಇಂದಿನ ತಂದೆತಾಯಿಗಳು ಮಕ್ಕಳಿಗೆ ಹೇಳಬೇಕಾದ ಸಂಗತಿ ಅದು. ಅವರ ಆಫ್ ಸ್ಪಿನ್ನಿನ ಮರ್ಮ ಚೆಂಡು ನೆಲಕ್ಕೆ ಬಿದ್ದ ಮೇಲೆ ತಿರುಗುವುದರಲ್ಲಿ ಎಷ್ಟಿತ್ತೋ ಅದಕ್ಕಿಂತ ಹೆಚ್ಚಾಗಿ ಅದು ಗಾಳಿಯಲ್ಲಿರುವಾಗಲೇ ಇತ್ತು. ಚೆಂಡು ಕಣ್ಣಿನ ಮಟ್ಟಕ್ಕಿಂತ ಮೇಲೆ ತೇಲುತ್ತ ಬರುತ್ತಿತ್ತು. ಬ್ಯಾಟುಗಾರ ಇಲ್ಲಿ ಬೀಳುತ್ತದೆ ಎಂದುಕೊಂಡು ಮುಂದೆ ಕಾಲಿಟ್ಟರೆ ಅದು ಒಂದು ಗೇಣು ಮೊದಲೇ ಇಳಿದುಬಿಡುತ್ತಿತ್ತು.

ಇನ್ನೊಂದು ಕಡೆಯಿಂದ ಭಾಗವತ್ ಚಂದ್ರಶೇಖರ್. ಬಾಲ್ಯದಲ್ಲಿ ಪೋಲಿಯೋ ತಗುಲಿ ಅವರ ಬಲಗೈ ಸೊರಗಿತ್ತು. ಅದೇ ಕೈಯಿಂದ ಅವರು ಬೌಲ್ ಮಾಡಿದರು. ಲೆಗ್ ಸ್ಪಿನ್ ಎಂದು ಕರೆದರೂ ಅವರ ಚೆಂಡು ಮಧ್ಯಮ ವೇಗದ ಬೌಲರರಷ್ಟು ರಭಸದಿಂದ ಬರುತ್ತಿತ್ತು. ಗೂಗ್ಲಿ ಎಂದು ತಿಳಿಯುವಷ್ಟರಲ್ಲಿ ಸ್ಟಂಪ್ ಉರುಳಿರುತ್ತಿತ್ತು. 1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅವರು 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವನ್ನು ತಂದಿದ್ದರು. ಆ ತಂಡದ ನಾಯಕ ಅಜಿತ್ ವಾಡೇಕರ್. ಅದೇ ವಾಡೇಕರ್ ಈಗ ಮುಂಬಯಿ ತಂಡದಲ್ಲಿ ಚಂದ್ರಶೇಖರರ ಎದುರು ನಿಂತಿದ್ದರು. ಅವರೊಡನೆ ಸುನೀಲ್ ಗಾವಸ್ಕರ್, ಅಶೋಕ್ ಮಂಕಡ್ ಮೊದಲಾದವರು.

ಆ ಕಾಲದ ಕರ್ನಾಟಕ ತಂಡದ ಬಗ್ಗೆ ನಮಗೆ ತುಂಬ ಹಿಡಿಸಿದ ಇನ್ನೊಂದು ಸಂಗತಿಯುಂಟು. ಬ್ರಿಜೇಶ್ ಪಟೇಲ್ ಹುಟ್ಟಿದ್ದು ಬರೋಡದಲ್ಲಿ. ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ ಹುಟ್ಟಿದ್ದು ಮದರಾಸಿನಲ್ಲಿ. ಮನೆಮಾತು ಯಾವುದಾದರೂ ಇರಲಿ, ಮೈದಾನಕ್ಕೆ ಇಳಿದಾಗ ಅವರೆಲ್ಲ ಕರ್ನಾಟಕದವರು. ಮೂರು ಮಾತು ಕಲೆತು ಬದುಕುವ ಕೋಸಗಿಯವರಿಗೆ ಇದು ಬಹಳ ಬೇಗ ಅರ್ಥವಾಯಿತು.

ನಾವು ಕಂಡ ಆಟ

ಸೆಮಿಫೈನಲ್ ಬೆಂಗಳೂರಿನಲ್ಲಿ ಎಂದು ತಿಳಿದಾಗ ನಾವು ಮೂವರು ಗೆಳೆಯರು ಹೋಗಲೇಬೇಕೆಂದು ನಿರ್ಧರಿಸಿದೆವು. ನಮ್ಮೂರು ಮುಂಬಯಿ-ಮದರಾಸು ರೈಲುದಾರಿಯ ಮೇಲಿದೆ. ಆದರೆ ಬೆಂಗಳೂರಿಗೆ ಹೋಗುವವರು ಆಗ ಗುಂತಕಲ್ಲಿನಲ್ಲಿ ಇಳಿದು ಮೀಟರ್ ಗೇಜಿನ ಗಾಡಿಗೆ ಬದಲಾಯಿಸಬೇಕಾಗಿತ್ತು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ಕಟ್ಟಿಕೊಂಡು ಹೊರಟೆವು. ಸುಗ್ಗಿಯ ಕೆಲಸ ಬಿಟ್ಟು ಚೆಂಡಾಟ ನೋಡಲು ಇನ್ನೂರು ಮೈಲಿ ಹೋಗುವವರನ್ನು ಮನೆಯ ಹಿರಿಯರು ಏನೆಂದರೆಂಬುದನ್ನು ಇಲ್ಲಿ ಬರೆಯುವುದು ಬೇಡ.

ನಾವು ತಲಪುವ ಹೊತ್ತಿಗೆ ಕರ್ನಾಟಕದ ಮೊದಲ ಇನ್ನಿಂಗ್ಸ್ ಮುಗಿದಿತ್ತು. ಒಟ್ಟು 385. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆ 162ನ್ನು ನಾವು ಕಣ್ಣಿನಿಂದ ಕಾಣಲಿಲ್ಲ, ಕಿವಿಯಿಂದ ಕಂಡೆವು. ಪಕ್ಕದಲ್ಲಿ ಕುಳಿತಿದ್ದವರು ಒಂದೊಂದು ಸ್ಕ್ವೇರ್ ಕಟ್ಟನ್ನೂ ಕೈ ತಿರುಗಿಸಿ ತೋರಿಸುತ್ತಿದ್ದರು. ಬೆಂಗಳೂರಿನ ಆ ಮೈದಾನಕ್ಕೆ ಇನ್ನೂ ಚಿನ್ನಸ್ವಾಮಿಯವರ ಹೆಸರು ಬಂದಿರಲಿಲ್ಲ. ಟೆಸ್ಟ್ ಪಂದ್ಯವೂ ಅಲ್ಲಿ ಇನ್ನೂ ನಡೆದಿರಲಿಲ್ಲ. ಆದರೂ ಜನ ಜಾತ್ರೆಯಂತೆ ಸೇರಿತ್ತು.

ಇಲ್ಲಿ ಪಂದ್ಯದ ನಿಯಮವೊಂದನ್ನು ಹೇಳಬೇಕು. ನಿಗದಿಯಾದ ದಿನಗಳೊಳಗೆ ಎರಡೂ ತಂಡಗಳ ಎರಡೆರಡು ಇನ್ನಿಂಗ್ಸ್ ಮುಗಿಯದಿದ್ದರೆ, ಮೊದಲ ಇನ್ನಿಂಗ್ಸ್‌ನಲ್ಲಿ ಹೆಚ್ಚು ರನ್ ಮಾಡಿದ ತಂಡವೇ ಮುಂದಿನ ಸುತ್ತಿಗೆ ಹೋಗುತ್ತದೆ. ಆದ್ದರಿಂದ ಮುಂಬಯಿ 386 ತಲಪಿದರೆ ಹದಿನಾರನೆಯ ಪ್ರಶಸ್ತಿಯ ದಾರಿ ತೆರೆಯುತ್ತದೆ. ತಲಪದಿದ್ದರೆ ಹದಿನೈದು ವರ್ಷದ ಆಳ್ವಿಕೆ ಮುಗಿಯುತ್ತದೆ. ಇಡೀ ಪಂದ್ಯ ಆ ಒಂದು ಸಂಖ್ಯೆಯ ಸುತ್ತ ತಿರುಗುತ್ತಿತ್ತು.

ಗಾವಸ್ಕರ್ ಆಡುತ್ತಿರುವಾಗ ಗದ್ದಲದ ನಡುವೆಯೂ ಒಂದು ಭಯವಿತ್ತು. ಅವರು 30 ರನ್ ಗಳಿಸಿದ್ದರು. ಪ್ರಸನ್ನರ ಒಂದು ಚೆಂಡು ಎಂದಿನಂತೆ ತೇಲಿ ಬಂತು. ಗಾವಸ್ಕರರ ರಕ್ಷಣೆಯನ್ನು ದಾಟುವ ಚೆಂಡು ಅಪರೂಪ. ಅಂಥ ಅಪರೂಪದ ಚೆಂಡು ಅದಾಗಿತ್ತು. ಬ್ಯಾಟಿನ ಅಂದಾಜು ಒಂದು ಕಡೆ, ಚೆಂಡು ಇಳಿದದ್ದು ಇನ್ನೊಂದು ಕಡೆ. ಸ್ಟಂಪಿಗೆ ಬಡಿದ ಸದ್ದು ನಾವು ಕುಳಿತಲ್ಲಿಗೆ ಕೇಳಿಸಲಿಲ್ಲ. ಒಂದು ಕ್ಷಣದ ಮೌನ ಕೇಳಿಸಿತು, ಅನಂತರ ಬೊಬ್ಬೆ.

ಆದರೂ ಮುಂಬಯಿ ಸುಲಭವಾಗಿ ಬಗ್ಗುವ ತಂಡವಲ್ಲ. ವಾಡೇಕರ್ ಮತ್ತು ಅಶೋಕ್ ಮಂಕಡ್ ನೆಲೆಯೂರಿ ನಿಂತರು. ಪ್ರಸನ್ನ, ಚಂದ್ರಶೇಖರ್ ಇಬ್ಬರನ್ನೂ ಸಾವಧಾನವಾಗಿ ಆಡಿದರು. ರನ್ ಏರುತ್ತ ಹೋದಂತೆ ಮೈದಾನ ತಣ್ಣಗಾಗುತ್ತ ಹೋಯಿತು. ಪಕ್ಕದವರೊಬ್ಬರು ಕಡಲೆಕಾಯಿ ಸುಲಿಯುವುದನ್ನೂ ನಿಲ್ಲಿಸಿದರು. ಮತ್ತೆ ಅದೇ ಕಥೆ, ಮತ್ತೆ ಮುಂಬಯಿ, ಎಂಬ ಭಾವನೆ ಸಾವಿರಾರು ಮುಖಗಳ ಮೇಲೆ ಒಟ್ಟಿಗೆ ಕಾಣಿಸಿತು.

ಆಗ ವಾಡೇಕರ್ ರನ್ನಿಗಾಗಿ ಹೊರಟು, ಹಿಂದಿರುಗಬೇಕಾಗಿ ಬಂದಾಗ ಕಾಲು ಜಾರಿ ಬಿದ್ದರು. ಚೆಂಡು ಬಂದು ಬೇಲ್ಸ್ ಹಾರಿದಾಗ ಅವರು ಇನ್ನೂ ಏಳುವ ಯತ್ನದಲ್ಲಿದ್ದರು. 62 ರನ್ನಿಗೆ ರನ್ ಔಟ್. ಹದಿನೈದು ವರ್ಷದ ಸಾಮ್ರಾಜ್ಯವನ್ನು ಯಾವ ಚೆಂಡೂ ಉರುಳಿಸಲಾಗದಿದ್ದಾಗ ಒಂದು ಜಾರಿದ ಹೆಜ್ಜೆ ಅದಕ್ಕೆ ದಾರಿ ಮಾಡಿತು. ವಾಡೇಕರ್ ತಲೆ ತಗ್ಗಿಸಿ ನಡೆದು ಹೋಗುವಾಗ, ಅಷ್ಟು ಗದ್ದಲದ ನಡುವೆಯೂ, ಎದ್ದು ನಿಂತು ಚಪ್ಪಾಳೆ ತಟ್ಟಿದವರನ್ನು ನಾವು ಕಂಡೆವು. ಮೂರು ವರ್ಷದ ಹಿಂದೆ ದೇಶಕ್ಕೆ ಗೌರವ ತಂದ ನಾಯಕರಲ್ಲವೇ ಅವರು?

ಮಂಕಡ್ 84 ರನ್ ಮಾಡಿ ಹೋರಾಡಿದರು. ಪ್ರಸನ್ನ ಐದು ವಿಕೆಟ್ ಪಡೆದರು. ಮುಂಬಯಿಯ ಆಟ 307ಕ್ಕೆ ಮುಗಿಯಿತು. ಕರ್ನಾಟಕಕ್ಕೆ 78 ರನ್ನುಗಳ ಮುನ್ನಡೆ. ಪಂದ್ಯ ಇನ್ನೂ ಉಳಿದಿತ್ತು. ಆದರೆ ಫಲಿತಾಂಶ ಉಳಿದಿರಲಿಲ್ಲ. ಟೋಪಿ, ಟವೆಲ್ಲು, ಪತ್ರಿಕೆ, ಕೈಗೆ ಸಿಕ್ಕಿದ್ದೆಲ್ಲ ಗಾಳಿಯಲ್ಲಿ ಹಾರಿತು.

"ನಿಮ್ಮದು ಯಾವೂರು?"

ಆ ಸಂಭ್ರಮದ ನಡುವೆ ನಡೆದ ಒಂದು ಸಂಭಾಷಣೆಯನ್ನು ದಾಖಲಿಸುವುದು ನಮಗೆ ಸ್ಕೋರಿಗಿಂತ ಮುಖ್ಯವೆನಿಸಿದೆ. ಎರಡು ದಿನವೂ ನಮ್ಮ ಪಕ್ಕದಲ್ಲೇ ಕುಳಿತು, ವಿಶ್ವನಾಥರ ಆಟವನ್ನು ಬಣ್ಣಿಸಿ, ಫ್ಲಾಸ್ಕಿನ ಕಾಫಿಯಲ್ಲಿ ನಮಗೂ ಪಾಲು ಕೊಟ್ಟ ಹಿರಿಯರೊಬ್ಬರು ಕೇಳಿದರು: "ಯಾವೂರಪ್ಪಾ ನಿಮ್ದು? ಮಾತು ಬಳ್ಳಾರಿ ಕಡೇದಿದ್ದ ಹಾಗಿದೆ."

"ಕೋಸಗಿ ರೀ. ಆದೋನಿ ಹತ್ರ."

"ಆದೋನೀನೇ? ಅದು ಆಂಧ್ರ ಅಲ್ವೇನಪ್ಪಾ?"

ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಬರಿಯ ಆಶ್ಚರ್ಯವಿತ್ತು. ಆಂಧ್ರದ ಹುಡುಗರು ಕರ್ನಾಟಕ ಗೆದ್ದಿತೆಂದು ಇಷ್ಟು ಕುಣಿಯುವುದೇಕೆ ಎಂಬ ಆಶ್ಚರ್ಯ. ನಮ್ಮಲ್ಲಿ ಒಬ್ಬನು ಹೇಳಿದ: "ಹೌದ್ರೀ, ಆಂಧ್ರನೇ. ಇಪ್ಪತ್ತು ವರ್ಷದ ಹಿಂದೆ ಬಳ್ಳಾರಿ ಜಿಲ್ಲೆಯೋರು. ಗೆರೆ ಸರದೈತಿ, ನಾವು ಸರದಿಲ್ಲ."

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿಯನ್ನು ನಮ್ಮ ಲೋಟಗಳಿಗೆ ಸುರಿದರು. ಬೇರೆ ಮಾತು ಆಗಲಿಲ್ಲ.

ಅವರ ಪ್ರಶ್ನೆ ನಮ್ಮ ಗಡಿನಾಡಿನ ಪ್ರತಿಯೊಬ್ಬರೂ ಒಂದಲ್ಲ ಒಂದು ಸಲ ಎದುರಿಸಿದ ಪ್ರಶ್ನೆ. ಬೆಂಗಳೂರಿನಲ್ಲಿ ನಾವು ಆಂಧ್ರದವರು, ಕರ್ನೂಲಿನಲ್ಲಿ ಕನ್ನಡದವರು. ಎರಡೂ ನಿಜ. ಎರಡನ್ನೂ ಒಪ್ಪಿಕೊಂಡು ಬದುಕುವುದು ನಮ್ಮ ಪಾಲಿಗೆ ಬಂದದ್ದು. ಅದನ್ನು ಕೊರತೆ ಎಂದು ಭಾವಿಸುವವರಿದ್ದಾರೆ. ನಮಗೆ ಹಾಗೆ ಅನಿಸಿಲ್ಲ. ಆಂಧ್ರ ಗೆದ್ದಾಗಲೂ ನಾವು ಹಿಗ್ಗಿದ್ದೇವೆ. ತಾಯಿಯ ಮನೆ, ಅತ್ತೆಯ ಮನೆ ಎರಡರ ಹಬ್ಬವನ್ನೂ ಮಾಡುವ ಹೆಣ್ಣುಮಗಳನ್ನು ಯಾರೂ ದ್ರೋಹಿ ಎನ್ನುವುದಿಲ್ಲವಷ್ಟೆ.

ಆಮೇಲೆ ನಡೆದದ್ದು

ಸೆಮಿಫೈನಲ್ ಗೆದ್ದ ಮಾತ್ರಕ್ಕೆ ಪ್ರಶಸ್ತಿ ಕೈಸೇರುವುದಿಲ್ಲ. ಫೈನಲ್ ಜೈಪುರದಲ್ಲಿ, ರಾಜಸ್ಥಾನದ ವಿರುದ್ಧ. ಆ ರಾಜಸ್ಥಾನದ ಕಥೆಯೂ ಮರುಕ ಹುಟ್ಟಿಸುವಂಥದು. ಅದಕ್ಕೆ ಮೊದಲು ಅವರು ಏಳು ಸಲ ಫೈನಲ್ ತಲಪಿ ಏಳು ಸಲವೂ ಮುಂಬಯಿಗೆ ಸೋತಿದ್ದರು. ಈ ಸಲ ಮುಂಬಯಿ ಇಲ್ಲ, ಆಟ ಸ್ವಂತ ಊರಿನಲ್ಲಿ. ಆದರೂ ಕರ್ನಾಟಕ 185 ರನ್ನುಗಳಿಂದ ಗೆದ್ದಿತು. ನಲವತ್ತು ವರ್ಷದ ಹಿಂದೆ ಚೆಪಾಕ್‌ನಲ್ಲಿ ಒಂದೇ ದಿನದಲ್ಲಿ ಸೋತ ತಂಡ ಮೊದಲ ಬಾರಿ ರಣಜಿ ಟ್ರೋಫಿಯನ್ನು ಎತ್ತಿತು. ಹೆಸರು ಬದಲಾದ ಮೇಲೆ ಐದು ತಿಂಗಳಷ್ಟೇ ಆಗಿತ್ತು.

ಆ ಗೆಲುವಿನ ಹಿಂದೆಯೇ ಬೇರೆ ಸಂಗತಿಗಳು ಬಂದುವು. ಆ ಬೇಸಿಗೆಯಲ್ಲಿ ವಾಡೇಕರರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಪಟೇಲ್, ಕಿರ್ಮಾನಿ ಐವರೂ ಇದ್ದರು. ಆ ಪ್ರವಾಸದಲ್ಲಿ ಮೂರು ಟೆಸ್ಟುಗಳೂ ಸೋಲಾದುವು. ಲಾರ್ಡ್ಸ್‌ನಲ್ಲಿ ತಂಡ 42ಕ್ಕೆ ಕುಸಿಯಿತು. ವಾಡೇಕರರ ಟೆಸ್ಟ್ ಜೀವನ ಅಲ್ಲಿಗೇ ಮುಗಿಯಿತು. ಅದೇ ವರ್ಷದ ನವೆಂಬರಿನಲ್ಲಿ ನಾವು ಕುಳಿತು ನೋಡಿದ ಬೆಂಗಳೂರಿನ ಮೈದಾನದಲ್ಲೇ ಮೊದಲ ಟೆಸ್ಟ್ ಪಂದ್ಯ ನಡೆಯಿತು. ವೆಸ್ಟ್ ಇಂಡೀಸಿನ ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಅದರಲ್ಲಿ ಟೆಸ್ಟ್ ಆಟಕ್ಕೆ ಕಾಲಿಟ್ಟರು. 1976ರ ಅಕ್ಟೋಬರ್ 31ರಂದು ಅಲ್ಲಿಯೇ ಭಾರತದ ಮಹಿಳೆಯರ ಮೊದಲ ಟೆಸ್ಟ್ ಪಂದ್ಯ ಆರಂಭವಾಯಿತು. ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ.

1974-75ರ ಫೈನಲ್‌ನಲ್ಲಿ ಮುಂಬಯಿ ಕರ್ನಾಟಕವನ್ನೇ ಸೋಲಿಸಿ ಪ್ರಶಸ್ತಿಯನ್ನು ಮರಳಿ ಪಡೆಯಿತು. ಆದರೆ ಬಾಗಿಲು ಒಮ್ಮೆ ತೆರೆದಾಗಿತ್ತು. ಕರ್ನಾಟಕ 1977-78ರಲ್ಲಿ, 1982-83ರಲ್ಲಿ, ಮತ್ತೆ ತೊಂಬತ್ತರ ದಶಕದಲ್ಲಿ ಮೂರು ಸಲ, 2013-14 ಮತ್ತು 2014-15ರಲ್ಲಿ ಸಾಲಾಗಿ ಎರಡು ಸಲ ಗೆದ್ದಿತು. ಮುಂಬಯಿಯನ್ನು ಸೋಲಿಸಬಹುದು ಎಂಬುದು 1974ರ ಮಾರ್ಚಿಗೆ ಮೊದಲು ಮಾತು, ಆಮೇಲೆ ಅನುಭವ. ಆ ಅನುಭವದ ಫಲ ಕರ್ನಾಟಕಕ್ಕೆ ಮಾತ್ರ ದಕ್ಕಲಿಲ್ಲ. ದೇಶದ ಬೇರೆ ತಂಡಗಳೂ ಅನಂತರದ ವರ್ಷಗಳಲ್ಲಿ ಒಂದೊಂದಾಗಿ ಪ್ರಶಸ್ತಿ ಗೆಲ್ಲತೊಡಗಿದುವು.

ಉಳಿದ ಮಾತು

ಚರಿತ್ರೆಯ ದೃಷ್ಟಿಯಿಂದ ಈ ಪಂದ್ಯವನ್ನು ಅಳೆದರೆ ಎರಡು ಸಂಗತಿ ಕಾಣುತ್ತವೆ. ಒಂದು, ಹೆಸರಿನ ಶಕ್ತಿ. ರಾಜ್ಯಕ್ಕೆ ಹೆಸರಿಡುವುದು ಶಾಸನಸಭೆಯ ಕೆಲಸ. ಆ ಹೆಸರನ್ನು ಜನರ ಬಾಯಿಗೆ ತರುವುದು ಇಂಥ ಘಟನೆಗಳ ಕೆಲಸ. ಅದಕ್ಕೆ ಮೊದಲು ನಮ್ಮೂರ ಅಂಗಡಿಗಳಲ್ಲಿ ಜನ 'ಮೈಸೂರು ಸ್ಟೇಟು' ಎನ್ನುತ್ತಿದ್ದರು. 'ಕರ್ನಾಟಕ' ಎಂಬುದು ಭಾಷಣದ ಮಾತಾಗಿತ್ತು, ಪದ್ಯದ ಮಾತಾಗಿತ್ತು. ಆ ಮಾರ್ಚಿನ ಆಮೇಲೆ ದನ ಕಾಯುವ ಹುಡುಗನೂ "ಕರ್ನಾಟಕ ಗೆದ್ದೈತಂತೆ" ಎಂದ. ಎರಡು, ಗಡಿಯ ಸ್ವರೂಪ. ತೆರಿಗೆ, ಪಡಿತರ, ಪರೀಕ್ಷೆ ಇವಕ್ಕೆಲ್ಲ ಗಡಿಯುಂಟು, ಇರಲೇಬೇಕು. ಅಭಿಮಾನಕ್ಕೆ ಆ ಗಡಿಯಿಲ್ಲ. ಇಲ್ಲದಿದ್ದರೆ ಕೋಸಗಿಯ ಮೂವರು ರೊಟ್ಟಿಯ ಗಂಟು ಕಟ್ಟಿಕೊಂಡು ಗುಂತಕಲ್ಲಿನಲ್ಲಿ ಗಾಡಿ ಬದಲಾಯಿಸುತ್ತಿರಲಿಲ್ಲ.

ಇಂದು ನಮ್ಮ ಮಕ್ಕಳು, ಮೊಮ್ಮಕ್ಕಳು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಮಾಧ್ಯಮಗಳಲ್ಲಿ ಓದುತ್ತಿದ್ದಾರೆ. ಪಂದ್ಯಗಳು ಅವರ ಕೈಯ ಫೋನಿನಲ್ಲೇ ಓಡುತ್ತವೆ; ತಂಡಗಳು ಹರಾಜಿನಲ್ಲಿ ಸೇರುತ್ತವೆ, ಹರಾಜಿನಲ್ಲಿ ಒಡೆಯುತ್ತವೆ. ಅದನ್ನು ನಾವು ಹಳಿಯುವುದಿಲ್ಲ. ಆಟ ಕಾಲದೊಡನೆ ಬದಲಾಗುತ್ತದೆ. ಆದರೆ ಅವರಲ್ಲಿ ಹಲವರಿಗೆ ಅಜ್ಜ ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ, ಮನೆ ಬದಲಾಯಿಸದೆಯೇ ಕರ್ನೂಲು ಜಿಲ್ಲೆಯಲ್ಲಿ ತೀರಿಕೊಂಡ ಎಂಬುದು ತಿಳಿಯದು. ತಿಳಿಸಬೇಕಾದವರು ನಾವು. ಆಳುವವರ ಕಾಗದಪತ್ರಗಳನ್ನು ಕಾಪಾಡಲು ಕಚೇರಿಗಳಿವೆ. ಆದೋನಿಯ ಹತ್ತಿ ಮಿಲ್ಲಿನ ಕೂಲಿಕಾರ ಯಾವ ಹಾಡು ಹಾಡಿದ, ಸಂತೆಗೆ ಬಂದ ಮುದುಕಿ ಯಾವ ಒಗಟು ಹೇಳಿದಳು, ಸ್ಟೇಷನ್ನಿನ ಹೋಟೆಲ್ಲಿನಲ್ಲಿ ಯಾವ ಆಟದ ಮೇಲೆ ಯಾರು ಜಗಳವಾಡಿದರು ಎಂಬುದನ್ನು ಕಾಪಾಡಲು ಸಂಘಗಳೇ ಬೇಕು.

ಆದ್ದರಿಂದ ಸಂಘದ ಸದಸ್ಯರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ, ಈ ಸಂಚಿಕೆಯನ್ನು ಮುಚ್ಚಿಟ್ಟ ಮೇಲೆ ಅವರ ಬಳಿ ಕುಳಿತು ಎರಡು ಪ್ರಶ್ನೆ ಕೇಳಿ: ಗೆರೆ ಎಳೆದ ವರ್ಷ ಮನೆಯಲ್ಲಿ ಏನು ಮಾತು ನಡೆಯಿತು? ಹೆಸರು ಬಂದ ವರ್ಷ ಏನು ಅನಿಸಿತು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ತಿದ್ದದೆ, ಬರೆದಿಡಿ. ಕ್ರಿಕೆಟ್ಟಿನ ಸ್ಕೋರು ಪುಸ್ತಕದಲ್ಲಿ ಒಂದೊಂದು ಚೆಂಡಿಗೂ ಒಂದೊಂದು ಗುರುತುಂಟು; ರನ್ ಬಾರದ ಚೆಂಡಿಗೂ ಒಂದು ಚುಕ್ಕಿ ಇಡುತ್ತಾರೆ. ನಮ್ಮ ಸೀಮೆಯ ಕನ್ನಡದ ಲೆಕ್ಕವನ್ನೂ ಹಾಗೆಯೇ ಬರೆದಿಡಬೇಕಾಗಿದೆ.